ಗೌರಮ್ಮನವರ ಅಟ್ಟ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಚಿಕ್ಕನಾಯಕನಹಳ್ಳಿಯಲ್ಲಿ ಬ್ಯಾಂಕ್ ಮ್ಯಾನೇಜರ್. ಆ ವರ್ಷ ನಮಗೆ ಹೊಸ ಪರೀಕ್ಷೆಯೊಂದು ಬಂತು: ಸಸ್ಟೈನಬಿಲಿಟಿ ರೇಟಿಂಗ್. ಅಂದರೆ, ಬ್ಯಾಂಕಿನ ಸಾಲದಿಂದ ಪರಿಸರಕ್ಕೆ ಎಷ್ಟು ಒಳಿತಾಯಿತೆಂದು ಹೊರಗಿನ ಸಂಸ್ಥೆ ಅಂಕ ಹಾಕುವುದು. ಕೊಬ್ಬರಿ ಒಣಗಿಸುವ ಸೋಲಾರ್ ಡ್ರೈಯರಿನ ಸಾಲಕ್ಕೆ ಒಳ್ಳೆಯ ಅಂಕವಿತ್ತು. ನಾನು ಏಳು ಡ್ರೈಯರ್ ಕೊಡಿಸಿದೆ. ಸ್ವಲ್ಪ ಜಂಬವೂ ಬಂತು.

ನಮ್ಮ ಕಡೆ ಕೊಬ್ಬರಿಗೆ ಒಲೆ ಬೇಕಿಲ್ಲ. ಇಡೀ ಕಾಯಿಯನ್ನು ಮನೆಯ ಅಟ್ಟದ ಮೇಲೆ ಹರಡಿದರೆ ವರ್ಷ ತುಂಬುವಷ್ಟರಲ್ಲಿ ಒಳಗೇ ಒಣಗಿ ಉಂಡೆಯಾಗುತ್ತದೆ. ನಾನು ತುರುವೇಕೆರೆಯವನು, ಅಂಥ ಅಟ್ಟದ ಕೆಳಗೇ ಮಲಗಿ ಬೆಳೆದವನು. ಆದರೂ ರೇಟಿಂಗಿನ ಫಾರಂನಲ್ಲಿ ‘ಹಿಂದೆ ಬಳಸುತ್ತಿದ್ದ ಇಂಧನ’ ಎಂಬ ಕಾಲಂ ಕಂಡಾಗ ಅಂಕದ ಆಸೆಗೆ ‘ಸೌದೆ’ ಎಂದು ಬರೆದೆ. ‘ಹಳೆಯ ವಿಧಾನ ನಿಂತಿದೆಯೇ’ ಎಂಬುದಕ್ಕೆ ‘ಹೌದು’ ಬೇಕಿತ್ತು. ಅದಕ್ಕಾಗಿ, ಡ್ರೈಯರಿಗೆ ಸಾಲ ಪಡೆದಿದ್ದ ಕಂದಿಕೆರೆಯ ಗೌರಮ್ಮನವರಿಗೆ ಅಟ್ಟ ಬಿಚ್ಚಿಸಿಬಿಡಿ ಎಂದೆ. ಅವರ ಅತ್ತೆಯ ಕಾಲದ ಅಟ್ಟ. ನನ್ನ ಮಾತು ಕೇಳಿ ಬಿಚ್ಚಿಸಿದರು.

ಡ್ರೈಯರಿನಲ್ಲಿ ಒಡೆದ ಹೋಳು ಒಣಗುತ್ತದೆಯೇ ಹೊರತು ಉಂಡೆಯಾಗದು. ತಿಪಟೂರಿನ ಮಂಡಿಯಲ್ಲಿ ಹೋಳಿಗೆ ಉಂಡೆಯ ಬೆಲೆ ಯಾರೂ ಕೊಡಲಿಲ್ಲ.

ಪರಿಶೀಲನೆಗೆ ಮುಂಬೈಯಿಂದ ಬಂದ ರೇಟಿಂಗ್ ಸಂಸ್ಥೆಯ ಅಧಿಕಾರಿಗೆ ಕನ್ನಡ ಬಾರದು. ದುಭಾಷಿ ನಾನೇ. ಗೌರಮ್ಮನವರ ಮನೆಗೆ ಹೋದಾಗ, ಮೊದಲು ಏನು ಉರಿಸುತ್ತಿದ್ದಿರಿ ಎಂದು ಅವರು ಕೇಳಿದರು.

“ಏನೂ ಉರುಸ್ತಿರ್ಲಿಲ್ಲ ಕಣಪ್ಪ,” ಅಂದರು ಗೌರಮ್ಮ. “ಅಟ್ಟದ ಮ್ಯಾಲೆ ತಾನೇ ಒಣುಗ್ತಿತ್ತು. ಈ ಸಾಹೇಬ್ರು ಬ್ಯಾಡ ಅಂದ್ರು, ಬಿಚ್ಚಾಕ್ಬುಟ್ವಿ. ಈಗ ಉಂಡೆ ಇಲ್ಲ. ಅಟ್ಟ ಮತ್ತೆ ಕಟ್ಟೋಕೆ ಏನಾರ ದಾರಿ ಮಾಡ್ಕೊಡಿ.”

ಅಧಿಕಾರಿ ನನ್ನ ಮುಖ ನೋಡಿದರು. ಸೌದೆ ಉರಿಸುತ್ತಿದ್ದರಂತೆ, ಈಗ ಹೊಗೆ ತಪ್ಪಿತಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬರೆದುಕೊಂಡರು. ತಮ್ಮ ಅಹವಾಲು ಮುಟ್ಟಿತೆಂದುಕೊಂಡು ಗೌರಮ್ಮ ನಮ್ಮಿಬ್ಬರಿಗೂ ಎಳನೀರು ಕೆತ್ತಿಸಿಕೊಟ್ಟರು. ನಾನು ಕುಡಿದೆ.

ವರದಿಯಲ್ಲಿ ಡ್ರೈಯರಿನ ಪಕ್ಕ ನಿಂತ ಗೌರಮ್ಮನವರ ಫೋಟೊ ಬಂತು. ನಮ್ಮ ಶಾಖೆಗೆ ಪ್ರಶಂಸಾಪತ್ರವೂ ಬಂತು. ಫಾರಂನಲ್ಲಿ ಅಟ್ಟಕ್ಕೆ ಕಾಲಂ ಇರಲಿಲ್ಲವೆಂದು ಬಹಳ ದಿನ ಸಬೂಬು ಹೇಳಿಕೊಂಡೆ. ಷರಾ ಬರೆಯಲು ಅರ್ಧ ಪುಟ ಜಾಗವಿತ್ತು. ಅಳೆಯಲು ಬಂದವರಿಗೆ ನಮ್ಮ ಊರು ಗೊತ್ತಿರುವುದಿಲ್ಲ, ಗೊತ್ತಿರುವವನು ಬಾಯಿ ಬಿಡಬೇಕು. ನೌಕರಿ ಕಲಿಸಿದ ಇಷ್ಟು ಪಾಠ ನನಗೆ ತಡವಾಗಿ ತಲೆಗೆ ಹತ್ತಿತು.

ಕಳೆದ ತಿಂಗಳು ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ ಗೌರಮ್ಮ ಸಿಕ್ಕರು.

“ಆ ಮುಂಬೈನೋರು ಅಟ್ಟದ ವಿಷ್ಯ ಏನಾರ ಬರುದ್ರಾ ಸಾಹೇಬ್ರೆ?”

“ನಾನು ಅವರಿಗೆ ಹೇಳಲೇ ಇಲ್ಲಮ್ಮ,” ಎಂದೆ.

ಅವರು ಚೀಲ ಎತ್ತಿಕೊಂಡು ಹೇಳಿದರು:

“ಬ್ಯಾರೆ ಕಡೆಯೋರು ಹೇಳಿದ್ರೆ ನಾನು ಬಿಚ್ಚುಸ್ತಿರ್ಲಿಲ್ಲ ಕಣ್ರೀ. ನೀವು ನಮ್ ಸೀಮೆಯೋರು ಅಂತ ಬಿಚ್ಚುಸ್ದೆ.”