ಮೋರಿ ಕೋಣೆಯ ಒಳಗಿತ್ತು

ಸರಕಾರಿ ಸರ್ವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತಳಾದವಳು ನಾನು. ಹೆಂಗಸಾದರೂ ಹುದ್ದೆಯ ಹೆಸರು ಕೊನೆಯ ದಿನದವರೆಗೂ ಡ್ರಾಫ್ಟ್ಸ್‌ಮನ್ ಎಂದೇ ಇತ್ತು. ಅದನ್ನು ಬದಲಾಯಿಸಿ ಎಂದು ಕೊಟ್ಟ ಅರ್ಜಿಗಳು ಯಾವುದೋ ಕಪಾಟಿನಲ್ಲಿ ಈಗಲೂ ಬಿದ್ದಿರಬೇಕು. ಮುಂಬಯಿಯಲ್ಲಿ ಕೊಲೆಯೋ ದರೋಡೆಯೋ ಆದಾಗ ಪೊಲೀಸರು ನಾಲ್ಕು ಜನರೆದುರು ಆ ಜಾಗದಲ್ಲಿ ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಾರೆ, ಅದು ಪಂಚನಾಮೆ. ಆಮೇಲೆ ನಮ್ಮಂಥವರು ಟೇಪು ಹಿಡಿದುಕೊಂಡು ಹೋಗಿ, ಆ ಜಾಗವನ್ನು ಅಳೆದು, ನಕಾಶೆ ಬರೆದು ಕೋರ್ಟಿಗೆ ಕೊಡುತ್ತೇವೆ. ರಕ್ತದ ಕಲೆಯಿಂದ ಹೊಸ್ತಿಲಿಗೆ ಎಷ್ಟು ಫೂಟು, ಕಿಟಕಿ ಎಷ್ಟು ಅಗಲ ಎನ್ನುವುದೇ ನನ್ನ ಇಡೀ ನೌಕರಿ.

ನಿವೃತ್ತಿಯ ಐದನೆಯ ವರ್ಷ ಪರೇಲಿನ ಒಂದು ಕಂಪನಿಯಿಂದ ಕರೆ ಬಂತು. ಒಂದು ಕಾಲಕ್ಕೆ ಮಿಲ್ ಇದ್ದ ಜಾಗದಲ್ಲಿ ಗಾಜಿನ ಬಿಲ್ಡಿಂಗ್ ಎದ್ದಿದೆ, ಅದರ ಒಂಬತ್ತನೆಯ ಮಹಡಿಯಲ್ಲಿ ಇವರ ಆಫೀಸು. ಇವರದು ವರ್ಚುವಲ್ ರಿಯಾಲಿಟಿ ಕೆಲಸ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಕಂಪ್ಯೂಟರಿನಲ್ಲಿ ಕಟ್ಟಿದ ಕೋಣೆಯೊಳಗೆ ನಾವೇ ನಿಂತ ಹಾಗಾಗುತ್ತದೆ; ತಲೆ ತಿರುಗಿಸಿದ ಕಡೆ ಗೋಡೆ, ಬಗ್ಗಿದರೆ ನೆಲ. ಹಳೆಯ ಪರೇಲ್ ಕುರಿತ ಪ್ರದರ್ಶನವೊಂದಕ್ಕಾಗಿ, ಸುಮಾರು ಐವತ್ತು ವರ್ಷದ ಹಿಂದೆ ಮಿಲ್ ಕಾರ್ಮಿಕರು ಸಾಲು ಕೋಣೆಗಳಲ್ಲಿ ಬದುಕುತ್ತಿದ್ದ ಅಲ್ಲಿಯ ಚಾಳೊಂದರಲ್ಲಿ ಕೊಲೆ ನಡೆದ ಕೋಣೆಯನ್ನು ಮತ್ತೆ ಕಟ್ಟುತ್ತಿದ್ದರು. ಚಾಳು ಎಂದೋ ನೆಲಸಮವಾಗಿತ್ತು. ಕೋರ್ಟಿನ ಫೈಲಿನ ಪ್ರತಿಯಷ್ಟೇ ಕೈಯಲ್ಲಿತ್ತು. ಎಲ್ಲ ಅಳತೆ ಸರಿಯಿದೆ ಎಂದು ನಾನು ಸರ್ಟಿಫಿಕೇಟಿಗೆ ಸಹಿ ಹಾಕಬೇಕಿತ್ತು.

ಕೇಸು ಹೀಗಿತ್ತು. ವಿಜಯಪುರ ಕಡೆಯ ಬಸಪ್ಪ ಮಿಲ್ ಕಾರ್ಮಿಕ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಂಚದ ಮೇಲೆ ಮಲಗಿದ್ದಾಗ ಯಾರೋ ಒಳಗೆ ಬಂದು ತಲೆಗೆ ಹೊಡೆದು ಕೊಂದರು. ಹೆಂಡತಿ ಶಾಂತವ್ವನಿಗೆ ಆಗ ಇಪ್ಪತ್ತೆರಡು. ಅವಳು ಹೊಡೆತದ ಸದ್ದು ಕೇಳಿದೆ, ಹೊಡೆದವನ ಕಾಲು ಕಂಡೆ, ಹೊಸ್ತಿಲಲ್ಲಿ ಚಪ್ಪಲಿ ಎತ್ತಿಕೊಳ್ಳಲು ಬಗ್ಗಿದಾಗ ಮುಖವನ್ನೂ ಕಂಡೆ ಎಂದು ಒಬ್ಬನ ಹೆಸರು ಹೇಳಿದಳು. ಕೊಲ್ಲಲು ಬಂದವನೂ ಚಪ್ಪಲಿ ಹೊರಗೆ ಬಿಟ್ಟು ಬಂದದ್ದು ಚಾಳಿನ ರೂಢಿ ಬಲ್ಲವರಿಗೆ ಸೋಜಿಗವಲ್ಲ. ಆದರೆ ಕೋರ್ಟು ನಂಬಲಿಲ್ಲ. ಹೇಳಿಕೆಯ ಇಂಗ್ಲಿಷ್ ಅನುವಾದದ ಪ್ರಕಾರ ಆ ಹೊತ್ತಿಗೆ ಅವಳು ‘ಗಟರ್’ ಬಳಿ ಪಾತ್ರೆ ತಿಕ್ಕುತ್ತಿದ್ದಳು. ಗಟಾರ ಇದ್ದದ್ದು ಚಾಳಿನ ಹಿಂದಿನ ಓಣಿಯಲ್ಲಿ. ಅಲ್ಲಿಂದ ಕೋಣೆಯ ಬಾಗಿಲು ಕಾಣುವ ಹಾಗೇ ಇಲ್ಲ. ಆ ಹೊತ್ತಿಗೆ ಗಟಾರದ ಬಳಿ ಯಾರೂ ಇರಲಿಲ್ಲ ಎಂದೂ ನೆರೆಯವರಿಬ್ಬರು ಸಾಕ್ಷಿ ಹೇಳಿದರು. ಆರೋಪಿ ಬಿಡುಗಡೆಯಾದ, ಕೋರ್ಟು ಬಿಟ್ಟವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ, ಅವಳ ನಡತೆ ಸಂಶಯಕ್ಕೆ ಎಡೆಕೊಡುತ್ತದೆ ಎಂದು ತೀರ್ಪಿನಲ್ಲಿ ದಾಖಲಾಯಿತು. ಅವಳ ಮೇಲೆ ಕೇಸು ಆಗಲಿಲ್ಲ. ಆದರೆ ಚಾಳಿನವರಿಗೆ ಆ ಒಂದು ವಾಕ್ಯ ಸಾಕಾಯಿತು, ಗಂಡನನ್ನು ತಿಂದವಳು ಎಂದು ಕೂಸಿನ ಸಮೇತ ಹೊರಗೆ ಹಾಕಿದರು.

ಕಂಪನಿಯವರ ಪ್ರದರ್ಶನ ಆ ತೀರ್ಪನ್ನೇ ಹಿಡಿದುಕೊಂಡಿತ್ತು. ಹೆಡ್‌ಸೆಟ್ ಹಾಕಿದವರನ್ನು ಮೊದಲು ಕೋಣೆಯಲ್ಲಿ ನಿಲ್ಲಿಸುವುದು, ಆಮೇಲೆ ಗಟಾರದ ಬಳಿ ನಿಲ್ಲಿಸಿ ‘ಇಲ್ಲಿಂದ ಬಾಗಿಲು ಕಾಣುತ್ತದೆಯೆ? ಹಾಗಾದರೆ ಹೆಂಡತಿ ಸುಳ್ಳು ಹೇಳಿದ್ದೇಕೆ?’ ಎಂದು ಕೇಳುವುದು, ಕೊನೆಗೆ ಕೊಲೆಗಾರ ಯಾರೆಂದು ಬಟನ್ ಒತ್ತಿಸುವುದು. ಹೆಸರುಗಳನ್ನು ಬದಲಿಸಿದ್ದರು. ಆಫೀಸಿನ ಹುಡುಗ ಹುಡುಗಿಯರೆಲ್ಲ ಪರೀಕ್ಷೆಗೆಂದು ಬಟನ್ ಒತ್ತಿದಾಗ ಬಹುತೇಕ ಎಲ್ಲರೂ ಹೆಂಡತಿಯನ್ನೇ ಒತ್ತಿದರು, ಒತ್ತಿ ಕೇಕೆ ಹಾಕಿದರು.

ನಾನೇನೂ ಕಮ್ಮಿಯಿರಲಿಲ್ಲ. ಮೂರು ವಾರ ನಕಾಶೆ ಮುಂದಿಟ್ಟುಕೊಂಡು ಗಟಾರದಿಂದ ಬಾಗಿಲಿಗೆ ಗೆರೆ ಎಳೆದು, ‘ಕಾಣುವುದಿಲ್ಲ, ಸರಿ’ ಎಂದು ಟಿಕ್ ಹಾಕಿದವಳು ನಾನೇ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೋಣೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದವಳು ತನ್ವಿ ಎಂಬ ಹುಡುಗಿ. ಉಡುಪಿ ಮೂಲದವಳು, ಹುಟ್ಟಿದ್ದು ಬೆಳೆದದ್ದು ಮಾಟುಂಗದಲ್ಲಿ. ಒಂದು ದಿನ ಫೈಲಿನ ಕೊನೆಯ ಹಾಳೆಗಳನ್ನು ನನ್ನ ಮುಂದೆ ಇಟ್ಟಳು. “ಮ್ಯಾಮ್, ಇದು ಕನ್ನಡ ಅಲ್ವಾ? ನಂಗೆ ಮಾತಾಡಿದ್ರೆ ಗೊತ್ತಾಗ್ತದೆ, ಓದ್ಲಿಕ್ಕೆ ಬರುದಿಲ್ಲ. ಟ್ರಾನ್ಸ್‌ಲೇಷನ್ ಉಂಟಲ್ಲ, ಸೋ ನಾವು ನೋಡ್ಲಿಲ್ಲ.”

ಅದು ಶಾಂತವ್ವನ ಮೂಲ ಹೇಳಿಕೆ. ಕೋರ್ಟಿನ ದುಭಾಷಿ ತನ್ನ ಕೈಯಿಂದ ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ತಂದಿದ್ದ. ‘ಆ ಸಮಯದಲ್ಲಿ ನಾನು ಮೋರಿಯಲ್ಲಿ ಪಾತ್ರೆ ಉಜ್ಜುತ್ತಿದ್ದೆನು.’ ‘ಮೋರಿ’ಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ.

ಮುಂಬಯಿಯ ಚಾಳಿನಲ್ಲಿ ಮೋರಿ ಎಂದರೆ ಖೋಲಿಯ ಒಳಗಿನ ಬಚ್ಚಲು. ಕೋಣೆಯ ಮೂಲೆಯಲ್ಲಿ ಮೂರು ಫೂಟಿನ ಚೌಕ, ಸುತ್ತ ಒಂಬತ್ತು ಇಂಚಿನ ಕಟ್ಟೆ, ಒಂದು ನಳ. ಮೈ ತೊಳೆಯುವುದು, ಭಾಂಡೆ ತಿಕ್ಕುವುದು, ಬಟ್ಟೆ ಒಗೆಯುವುದು ಎಲ್ಲ ಅಲ್ಲೇ. ಶಿವಡಿಯ ಚಾಳಿನಲ್ಲಿ ಬೆಳೆದ ನಾನು ಮದುವೆಯಾಗುವ ತನಕ ಅಲ್ಲೇ ಕೂತು ಭಾಂಡೆ ತಿಕ್ಕಿದವಳು. ಮಾತು ಮರಾಠಿಯದು, ಆದರೆ ಇಲ್ಲಿಯ ಕನ್ನಡದವರ ಬಾಯಲ್ಲೂ ಅದೇ. ಮೈಸೂರು ಕಡೆಗೆ ಹೋದರೆ ಮೋರಿ ಎಂದರೆ ಬೀದಿಯ ಚರಂಡಿ. ಶಾಂತವ್ವನ ಊರಿನಲ್ಲಿ ಅದಕ್ಕೆ ಗಟಾರ ಎನ್ನುತ್ತಾರೆ, ಮೋರಿ ಎನ್ನುವುದಿಲ್ಲ. ದುಭಾಷಿ ಮೈಸೂರು ಕಡೆಯವನೇ ಇರಬೇಕು, ಬರವಣಿಗೆಯೇ ಹೇಳುತ್ತಿತ್ತು. ಅವಳ ‘ಭಾಂಡೆ’ಯನ್ನು ಪಾತ್ರೆ ಮಾಡಿದ್ದ, ‘ತಿಕ್ಕಾಕತ್ತಿದ್ದೆ’ಯನ್ನು ಉಜ್ಜುತ್ತಿದ್ದೆನು ಮಾಡಿದ್ದ. ‘ಮೋರಿ’ಯನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ಆ ಮಾತು ಅವನ ಕನ್ನಡದಲ್ಲೂ ಇತ್ತು. ಇಂಗ್ಲಿಷಿಗೆ ತರುವಾಗ ನಿಶ್ಚಿಂತೆಯಿಂದ ಗಟರ್ ಎಂದು ಬರೆದ. ಆ ಕೋರ್ಟಿನಲ್ಲಿ ಮರಾಠಿ ಬಲ್ಲವರು ಎಷ್ಟೋ ಜನ ಇದ್ದಿರಬೇಕು. ಕನ್ನಡದ ಹೆಂಗಸು ಬಾಯಿ ಬಿಟ್ಟಾಗ ಒಬ್ಬರೂ ಕಿವಿಗೊಡಲಿಲ್ಲ, ಎಲ್ಲರೂ ದುಭಾಷಿಯ ಮುಖ ನೋಡುತ್ತ ಕೂತರು.

ಪ್ರಾಜೆಕ್ಟಿನ ಮುಖ್ಯಸ್ಥರ ಬಳಿಗೆ ಹೋದೆ. ಸಭ್ಯ ಮನುಷ್ಯ, ನಗುತ್ತಲೇ ಮಾತಾಡುತ್ತಾರೆ. ಸ್ಕ್ರಿಪ್ಟ್ ಮುಗಿದಿದೆ, ಉದ್ಘಾಟನೆಯ ದಿನ ಗೊತ್ತಾಗಿದೆ, ಹೆಸರು ಹೇಗೂ ಬದಲಿಸಿದ್ದೇವೆ, ಒಂದು ಪದಕ್ಕೆ ಇಷ್ಟೊಂದು ಯಾಕೆ ಎಂದರು. ನನಗೆ ಮೈಯೆಲ್ಲ ಉರಿಯಿತು. “ಹಾಗಾದರೆ ಸರ್ಟಿಫಿಕೇಟಿಗೂ ಬೇರೆ ಯಾರದಾದರೂ ಹೆಸರು ಹಾಕಿಕೊಳ್ಳಿ. ನಾನು ಸಹಿ ಮಾಡುವುದಿಲ್ಲ” ಎಂದೆ. ಅವರು ನಗು ನಿಲ್ಲಿಸಿದರು.

ರಿಸರ್ಚ್ ಫೈಲಿನಲ್ಲಿ ಶಾಂತವ್ವನ ಮಗಳ ನಂಬರ್ ಇತ್ತು. ಯಾರೂ ಫೋನ್ ಮಾಡಿರಲಿಲ್ಲ. ನಾನು ಮಾಡಿದೆ. ಧಾರಾವಿಯಲ್ಲಿ, ಚರ್ಮದ ಪರ್ಸು ಹೊಲಿಯುವ ಕಾರ್ಖಾನೆಯ ಮೇಲಿನ ಖೋಲಿಯಲ್ಲಿ ತಾಯಿ ಮಗಳು ಇದ್ದರು. ಶಾಂತವ್ವನೂ ಮೊನ್ನೆ ಮೊನ್ನೆಯವರೆಗೆ ಅಲ್ಲೇ ಪರ್ಸಿಗೆ ಜಿಪ್ ಹಚ್ಚುತ್ತಿದ್ದಳಂತೆ. ಎಪ್ಪತ್ತು ದಾಟಿದರೂ ನೆಟ್ಟಗೆ ಕೂತಿದ್ದಳು. ನಾನು ಬಂದ ಕಾರಣ ಹೇಳಿ, “ಅಕ್ಕಾರ, ಅವತ್ತು ಮೋರ್ಯಾಗ ಇದ್ದೆ ಅಂತ ಹೇಳಿದ್ರಿ. ಯಾವ ಮೋರಿ?” ಎಂದು ಕೇಳಿದೆ.

ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು. “ಯಾವ ಮೋರಿ ಅಂದ್ರ? ಖೋಲ್ಯಾಗಿನ ಮೋರಿ. ಗಟಾರದಾಗ ಕುಂತು ಯಾರರ ಭಾಂಡೆ ತಿಕ್ತಾರೇನ ತಂಗಿ?”

ಇಷ್ಟು ವರ್ಷದಲ್ಲಿ ಇದನ್ನು ಯಾರಾದರೂ ಕೇಳಿದ್ದರೇ ಎಂದೆ. “ಒಬ್ರೂ ಕೇಳ್ಲಿಲ್ಲ. ಸುಳ್ಳ ಹೇಳಾಕಿ ಅಂತ ಹೇಳಾಕ ಮಾತ್ರ ಎಲ್ಲಾರೂ ಬಂದ್ರು” ಎಂದಳು. ಅಳಲಿಲ್ಲ. ಅಳು ಬಂದದ್ದು ನನಗೆ, ನಾಚಿಕೆಯಿಂದ.

ಬಂದು ನಮ್ಮ ಕೋಣೆಯನ್ನು ನೋಡಿ, ನೀವೇ ತೋರಿಸಿ ಎಂದು ಕರೆದೆ. ಆಗ ಅವಳಿಗೆ ಸಿಟ್ಟು ಬಂತು. “ಆ ಖೋಲ್ಯಾಗ ನಾ ಮತ್ತ ಯಾಕ ಕಾಲ ಇಡ್ಲಿ? ನಾ ಕಂಡದ್ದು ನನಗ ಗೊತ್ತೈತಿ. ಕಾಣದವ್ರಿಗೆ ತೋರ್ಸು ಹೋಗು.”

ಮರುದಿನವೇ ತನ್ವಿಯೊಡನೆ ಕೆಲಸಕ್ಕೆ ಕೂತೆ. ಹಳೆಯ ನಕಾಶೆಯಲ್ಲಿ ಕೋಣೆ ಹತ್ತು ಫೂಟಿಗೆ ಹನ್ನೆರಡು. ಬಾಗಿಲಿಗೆ ಎದುರಾಗಿ ಹಿಂದಿನ ಮೂಲೆಯಲ್ಲಿ ಮರಾಠಿಯಲ್ಲಿ ‘ಮೋರಿ’ ಎಂದು ಸಣ್ಣ ಅಕ್ಷರ. ಅದೇನೆಂದು ತಿಳಿಯದೆ ತನ್ವಿ ಅಲ್ಲಿ ಒಂದು ಟ್ರಂಕು ಇಟ್ಟಿದ್ದಳು; ಗೆರೆಗಳನ್ನಷ್ಟೇ ನೋಡುತ್ತಿದ್ದ ನಾನೂ ಅದನ್ನು ಗಮನಿಸಿರಲಿಲ್ಲ. ಟ್ರಂಕು ತೆಗೆಸಿ ಮೋರಿ ಕಟ್ಟಿಸಿದೆ. ಅಲ್ಲಿ ನಿಂತು ನೋಡಿದರೆ ಬಾಗಿಲು ಕಾಣಲಿಲ್ಲ! ಪಂಚನಾಮೆಯಲ್ಲಿದ್ದಂತೆ ಕೋಣೆಯ ಅಡ್ಡಕ್ಕೆ ಕಟ್ಟಿದ ಹಗ್ಗದ ಮೇಲೆ ಎರಡು ಒದ್ದೆ ಸೀರೆ ಹರವಿದ್ದವು. ಮುಖ್ಯಸ್ಥರು ಹೆಡ್‌ಸೆಟ್ ಹಾಕಿಕೊಂಡು ನೋಡಿ, “ಒಳಗಿದ್ದರೂ ಅಷ್ಟೇ ಅಲ್ಲವೇ” ಎಂದರು. ನಾನು ಪಂಚನಾಮೆಯನ್ನು ಮತ್ತೆ ಮೊದಲಿನಿಂದ ಓದಿದೆ.

ಆಮೇಲೆ ಹೊಳೆಯಿತು. ಇವರು ಪ್ರತಿಯೊಬ್ಬರ ಕಣ್ಣನ್ನೂ ಐದೂಕಾಲು ಫೂಟು ಎತ್ತರಕ್ಕೆ ಇಟ್ಟಿದ್ದರು. ಅಷ್ಟು ಎತ್ತರದಲ್ಲಿ ನಿಂತುಕೊಂಡು ಯಾವ ಹೆಂಗಸು ಭಾಂಡೆ ತಿಕ್ಕುತ್ತಾಳೆ? ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ತನ್ವಿಯ ಕೈಯಿಂದ ನನ್ನ ಕಣ್ಣಿನ ಎತ್ತರ ಅಳೆಯಿಸಿದೆ. ಎರಡು ಫೂಟು ಮೂರು ಇಂಚು. ಪಂಚನಾಮೆಯ ಪ್ರಕಾರ ಸೀರೆಯ ಕೆಳ ಅಂಚು ನೆಲದಿಂದ ಎರಡು ಫೂಟು ಹತ್ತು ಇಂಚು.

“ಕೂತು ನೋಡಿ” ಎಂದೆ ಮುಖ್ಯಸ್ಥರಿಗೆ. ಪ್ಯಾಂಟು ಬಿಗಿಯಾಗಿತ್ತು, ಒಂದು ಕೈ ನೆಲಕ್ಕೆ ಊರಿ ಹೇಗೋ ಕೂತರು. ತನ್ವಿ ಒಬ್ಬ ಗಂಡಸಿನ ಆಕೃತಿಯನ್ನು ಕೋಣೆಯೊಳಗೆ ನಡೆಸಿದಳು. ಮಂಚದ ಬಳಿಗೆ ಹೋಯಿತು, ಬಾಗಿಲಿಗೆ ಹಿಂದಿರುಗಿತು, ಹೊಸ್ತಿಲು ದಾಟಿ ಒಳಕ್ಕೆ ಮುಖ ಮಾಡಿ ಚಪ್ಪಲಿಗೆ ಬಗ್ಗಿತು. ಮುಖ್ಯಸ್ಥರು ಹೆಡ್‌ಸೆಟ್ ತೆಗೆಯದೆಯೇ, “ಪೂರ್ತಿ ಮುಖ ಕಾಣುತ್ತಿದೆ” ಎಂದರು.

ಅಷ್ಟಾದರೂ ಬಟನ್ ತೆಗೆಸಲು ಎರಡು ವಾರ ಗುದ್ದಾಡಬೇಕಾಯಿತು. ಜನರಿಗೆ ಆಟ ಬೇಕು, ಎರಡೂ ವಾದ ಇಡೋಣ ಎಂದರು. ನಾನು ಜಗ್ಗಲಿಲ್ಲ. ಗಟಾರ ಒಂದು ವಾದವಲ್ಲ, ಒಂದು ತಪ್ಪು. ತಪ್ಪಿಗೆ ನಾನು ಅಳತೆ ಕೊಡುವುದಿಲ್ಲ ಎಂದು ಪಟ್ಟು ಹಿಡಿದೆ. ತನ್ವಿಯೂ ನನ್ನ ಪಕ್ಕಕ್ಕೆ ನಿಂತಳು. ಕೊನೆಗೆ ಬಟನ್ ಹೋಯಿತು. ಈಗ ಹೆಡ್‌ಸೆಟ್ ಹಾಕಿದವರ ಕಣ್ಣು ಮೊದಲಿಗೇ ಮೋರಿಯಲ್ಲಿ ಕೂತವಳ ಎತ್ತರಕ್ಕೆ ಇಳಿಯುತ್ತದೆ. ಕೋರ್ಟಿನ ದಾಖಲೆಗೆ ಒಂದು ಟಿಪ್ಪಣಿ ಸೇರಿಸಿ ಎಂದು ನಾನು ಕೊಟ್ಟ ಅರ್ಜಿ ತಿರಸ್ಕಾರವಾಗಿ ಬಂದಿದೆ. ಇನ್ನೊಂದು ಕೊಟ್ಟಿದ್ದೇನೆ, ಅದೂ ಹಾಗೇ ಹಿಂದಕ್ಕೆ ಬಂದರೆ ಮತ್ತೊಂದು ಕೊಡುತ್ತೇನೆ.

ಮೂವತ್ತೊಂದು ವರ್ಷ ನಾನು ಗೋಡೆ, ಬಾಗಿಲುಗಳನ್ನೇ ಅಳೆದೆ. ಅಲ್ಲಿದ್ದ ಮನುಷ್ಯರು ನಿಂತಿದ್ದರೋ ಕೂತಿದ್ದರೋ, ತಾವು ಕೂತ ಜಾಗಕ್ಕೆ ತಮ್ಮ ಬಾಯಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿದ್ದು ಕಡಿಮೆ. ಅವರನ್ನೇ ಕೇಳದೆ ಬರೆದ ನಕಾಶೆ ಎಷ್ಟೇ ನೇರವಾಗಿದ್ದರೂ ಅರ್ಧ ನಕಾಶೆ. ಈ ಪಾಠ ನನಗೆ ಪಿಂಚಣಿ ಶುರುವಾದ ಮೇಲೆ ಬಂತು.

ಪ್ರದರ್ಶನದಲ್ಲಿ ಕೇಳಿಸಲು ಅವಳದೇ ದನಿ ಬೇಕು ಎಂದಾಗ ಶಾಂತವ್ವ ಪರೇಲಿಗೆ ಬಂದಳು. ಹೆಡ್‌ಸೆಟ್ ಮುಟ್ಟಲಿಲ್ಲ. ಮೈಕಿನ ಮುಂದೆ ಕೂತು, ಅಂದು ಕಂಡದ್ದನ್ನು ತನ್ನ ಕನ್ನಡದಲ್ಲಿ ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಎಲ್ಲ ಆದ ಮೇಲೆ ತನ್ವಿ ಮೆಲ್ಲಗೆ, ನಿಮಗೆ ತೊಂದರೆಯಾಗಬಾರದೆಂದು ಹೆಸರು ಬದಲಿಸಿದ್ದೇವೆ ಎಂದು ತಿಳಿಸಿದಳು.

“ಬದ್ಲಿ ಮಾಡಬ್ಯಾಡ್ರಿ” ಎಂದಳು ಶಾಂತವ್ವ. “ಸುಳ್ಳ ಹೇಳಾಕಿ ಅಂತ ಬರದಾಗ ನನ್ನ ಹೆಸರ ಬರದಾರ. ಖರೇ ಹೇಳುವಾಗೂ ಅದ ಹೆಸರ ಇರ್ಲಿ.”