ಬಾಯಿಪಾಠದ ಕಡಲು

ರಾಮಮೂರ್ತಿ ನಗರದ ರಾಮಾಂಜಿನಪ್ಪ ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನವರನ್ನು ಕರಾವಳಿ ಸುತ್ತಿಸುತ್ತಿದ್ದ. ಕಾರು ಓಡಿಸುತ್ತಲೇ ಊರುಗಳ ಕತೆ ಹೇಳುತ್ತಿದ್ದ. ಈಚೆಗೆ ಕಣ್ಣು ಮಂಜಾಗುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆ ದಿನ ಬೆನ್ಸನ್ ಟೌನಿನ ತಾಹೇರಾ ಮೊಮ್ಮಗಳೊಂದಿಗೆ ಹಿಂದೆ ಕೂತಿದ್ದರು. ಉಡುಪಿಯಿಂದ ಹೊರಟು ಮರವಂತೆ ತಲುಪಿದಾಗ, "ಎಡಕ್ಕೆ ನೋಡಿ ಮೇಡಂ, ಎಷ್ಟೊಂದು ದೋಣಿ ನಿಂತವೆ," ಎಂದ.

"ದೋಣಿ ಎಲ್ರೀ? ಅವು ಬಂಡೆಗಳು," ಎಂದರು ತಾಹೇರಾ.

ರಾಮಾಂಜಿನಪ್ಪ ವೇಗ ತಗ್ಗಿಸಿದ. ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿತ್ತು. ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

"ನಂಗೆ ಸರಿಯಾಗಿ ಕಾಣಿಸ್ತಿಲ್ಲಮ್ಮ. ಇಷ್ಟೊತ್ತೂ ಬಾಯಿಪಾಠ ಹೇಳ್ತಿದ್ದೆ. ಇನ್ನು ಓಡ್ಸಲ್ಲ."

ತಾಹೇರಾ ಮೊಮ್ಮಗಳನ್ನು ಬಿಗಿಯಾಗಿ ಹಿಡಿದುಕೊಂಡು, "ಮೊದ್ಲೇ ಹೇಳ್ಬೇಕಿತ್ತು," ಎಂದಷ್ಟೇ ಹೇಳಿದರು.

ಕುಂದಾಪುರದಿಂದ ಬೇರೆ ಡ್ರೈವರ್ ಬಂದ. ಬೆಂಗಳೂರಿನವರೆಗೂ ರಾಮಾಂಜಿನಪ್ಪ ಪಕ್ಕದ ಸೀಟಿನಲ್ಲಿ ಕೂತ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.