ಗಿಣ್ಣಿಗೆ ಬಟನ್ ಇರಲಿಲ್ಲ

ಹೆಬ್ಬಾಳದ ಆ ಹಾಲಿನ ಕಂಪನಿಯ ಗಾಜಿನ ಕಟ್ಟಡದೊಳಗೆ, ಬಂದವರ ಕಣ್ಣಿಗೆ ಬೀಳುವ ಹಾಗೆ, ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದರು: 'ನಮ್ಮ ಗ್ರಾಹಕರ ಬೆರಳಿಗೂ ಆಯಾಸವಾಗಬಾರದು.' ಅದರ ಎದುರಿಗೇ ನನ್ನನ್ನು ಒಂದು ಹಳದಿ ಸೋಫಾದ ಮೇಲೆ ಕೂರಿಸಿದ್ದರು. ಓದಿದಷ್ಟೂ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಅಲ್ಲಾ ಸ್ವಾಮಿ, ಹಾಲು ಕರೆಯುವುದೂ ಬೆರಳಿನಿಂದಲೇ ತಾನೇ? ಆ ಬೆರಳಿನ ಆಯಾಸವನ್ನು ಯಾವ ಗೋಡೆಯ ಮೇಲೆ ಬರೆದಿದ್ದೀರಿ ಎಂದು ಯಾರನ್ನಾದರೂ ಹಿಡಿದು ಕೇಳಬೇಕೆನ್ನಿಸಿತ್ತು. ಅಲ್ಲಿದ್ದವಳು ರಿಸೆಪ್ಷನ್ನಿನ ಹುಡುಗಿ ಒಬ್ಬಳೇ. ಅವಳು ಪಾಪ, ಕೇಳದೆಯೇ ನನಗೆ ನೀರು ತಂದುಕೊಟ್ಟಿದ್ದಳು. ಅವಳ ಮೇಲೆ ರೇಗಲು ಮನಸ್ಸು ಬರಲಿಲ್ಲ.

ನಾನು ಅಲ್ಲಿಗೆ ಹೋದದ್ದು ನನ್ನ ಅತ್ತೆಯ ಪರವಾಗಿ. ನಮ್ಮದು ಅಬ್ಬಿಗೆರೆ. ಸುತ್ತ ಬಾಡಿಗೆ ಮನೆಗಳು ಅಂತಸ್ತಿನ ಮೇಲೆ ಅಂತಸ್ತು ಎದ್ದು ಬಿಸಿಲನ್ನೇ ತಡೆದು ನಿಂತಿದ್ದರೂ ನಮ್ಮ ಹಿತ್ತಲಿನ ಕೊಟ್ಟಿಗೆ ಹಾಗೇ ಉಳಿದುಕೊಂಡಿದೆ. ಆಗ ಅದರಲ್ಲಿ ನಾಲ್ಕು ಹಸುಗಳಿದ್ದವು. ಹಸುಗಳ ಯಜಮಾನಿಕೆ ಅತ್ತೆಯದು, ಫೋನಿನ ಯಜಮಾನಿಕೆ ನನ್ನದು. ಬಿ.ಕಾಂ. ಓದಿದ ಸೊಸೆ ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದರಿಂದ, ಮನೆಯಲ್ಲಿ ಗುಂಡಿ ಇರುವ ವಸ್ತು ಯಾವುದೇ ಇರಲಿ, ಅದು ನನ್ನ ಪಾಲಿಗೆ ಬರುತ್ತಿತ್ತು.

ಮುಂಚೆ ಅತ್ತೆ ವಿದ್ಯಾರಣ್ಯಪುರದ ಮನೆಗಳಿಗೆ ಕ್ಯಾನಿನಲ್ಲಿ ಹಾಲು ಹೊತ್ತು, ಬಾಗಿಲಲ್ಲಿ ನಿಂತು ಅಳೆದು ಹಾಕುತ್ತಿದ್ದರು. ಹಾಲಿನ ಜೊತೆಗೆ ಆ ಮನೆಯ ಮಗುವಿನ ಜ್ವರ, ಈ ಮನೆಯ ಮಗಳ ಪರೀಕ್ಷೆ ಎಲ್ಲವನ್ನೂ ವಿಚಾರಿಸಿಕೊಂಡು ಬರುವಷ್ಟರಲ್ಲಿ ಹೊತ್ತೇರಿರುತ್ತಿತ್ತು. ಆ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ಅಪಾರ್ಟ್‌ಮೆಂಟುಗಳಾದವು. ಹಾಗೆ ಎದ್ದ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಹಾಲು ಹಾಕಬೇಕಾದರೆ ಒಂದು ಕಂಪನಿಯ ಆ್ಯಪಿನ ಮೂಲಕವೇ ಹೋಗಬೇಕು ಎಂದಾಯಿತು. ಗೇಟಿನಲ್ಲಿ ಕಾವಲುಗಾರನ ಹತ್ತಿರ ಒಂದು ಸ್ಕ್ರೀನು. ಆ್ಯಪಿನಲ್ಲಿ ನಮ್ಮ ಖಾತೆ ಚಾಲ್ತಿಯಲ್ಲಿದ್ದರೆ ಅದರಲ್ಲಿ ಹಸಿರು ಬಣ್ಣ ಬರುತ್ತದೆ, ಒಳಗೆ ಬಿಡುತ್ತಾರೆ. ಕಂಪನಿಯ ಚೀಟಿ ಅಂಟಿಸಿದ ಬಾಟಲಿಯಲ್ಲೇ ಹಾಲು ತುಂಬಬೇಕು, ಬಾಗಿಲಿಗೆ ನೇತುಹಾಕಿದ ಚೀಲದಲ್ಲಿಡಬೇಕು, ಬರಬೇಕು. ಬೆಲ್ ಒತ್ತುವಂತಿಲ್ಲ, ಮಾತಾಡಿಸುವಂತಿಲ್ಲ. ಗ್ರಾಹಕರ ಬೆಳಗಿನ ನೆಮ್ಮದಿಗೆ ಭಂಗ ಬರಬಾರದಂತೆ. ಬಾಯಿಗೆ ಬೀಗ ಹಾಕಿಕೊಂಡು ಹಾಲು ಹಾಕುವುದೆಂದರೆ ಅತ್ತೆಗೆ ಎಂಥ ಶಿಕ್ಷೆ ಎಂದು ಆ ಕಂಪನಿಗೆ ಯಾರು ಹೇಳಬೇಕು? ಆದರೂ ಹೋಗುತ್ತಿದ್ದರು. ಆ ಅಪಾರ್ಟ್‌ಮೆಂಟು ಕೈತಪ್ಪಿದರೆ ಒಂದು ಹಸುವನ್ನು ಕೊಟ್ಟುಬಿಡಬೇಕಾಗುತ್ತದೆ, ನಾಲ್ಕನ್ನೂ ಸಾಕುವುದಕ್ಕಾಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ನನಗೂ ಹೇಳಿದ್ದರು.

ಅಷ್ಟರಲ್ಲಿ ಕೆಂದ ಹಸು ಕರು ಹಾಕಿತು. ನಮ್ಮ ಕಡೆ ಹಸು ಕರು ಹಾಕಿದ ಮೊದಲ ದಿನಗಳ ಹಾಲು, ಅಂದರೆ ಗಿಣ್ಣು ಹಾಲು, ಮಾರುವ ಪದಾರ್ಥವಲ್ಲ. ಕರು ಹೊಟ್ಟೆ ತುಂಬ ಕುಡಿದ ಮೇಲೆ ಮಿಕ್ಕಿದ್ದನ್ನು, ದಿನವೂ ವರ್ತನೆಗೆ ಹಾಲು ಹಾಕಿಸಿಕೊಳ್ಳುವ ಮನೆಗಳಿಗೆಲ್ಲ ಒಂದಿಷ್ಟಿಷ್ಟು ಹಂಚಬೇಕು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಅದರ ಮುಂದೆ ಬೇರೆ ಸಿಹಿ ಯಾಕೆ ಬೇಕು. ಈ ಸಲವೂ ಅತ್ತೆ ಗಿಣ್ಣು ತುಂಬಲು ಬಾಟಲಿ ತೊಳೆಯುತ್ತಾ ಕೂತಾಗ ನನಗೆ ಯಾಕೋ ಅನುಮಾನವಾಯಿತು. ಅಪಾರ್ಟ್‌ಮೆಂಟಿನವರಿಗೂ ಕೊಡುತ್ತೀರಾ ಎಂದು ಕೇಳಿದೆ. ನನ್ನನ್ನು ತಲೆ ಕೆಟ್ಟವಳ ಹಾಗೆ ನೋಡಿದರು.

"ನಮ್ಮ ಅಸೀನ ಆಲು ಕುಡಿಯೋರಿಗೆ ಗಿಣ್ಣು ಕೊಡ್ದೆ ಇರಾಕಾಯ್ತದಾ?"

ಆ್ಯಪಿನಲ್ಲಿ ಒಂದು ಮಾತು ತಿಳಿಸೋಣವೆಂದು ನೋಡಿದೆ. ಹಾಲು ಹಾಕುವವರು ಗ್ರಾಹಕರಿಗೆ ಹೇಳಬಹುದಾದ ಮಾತುಗಳನ್ನು ಕಂಪನಿಯವರೇ ಮೊದಲೇ ಬರೆದಿಟ್ಟಿದ್ದರು: ಬರುತ್ತಿದ್ದೇವೆ, ತಲುಪಿಸಿದ್ದೇವೆ, ತಡವಾದದ್ದಕ್ಕೆ ಕ್ಷಮಿಸಿ. ಒತ್ತಿದರೆ ಆ ಮಾತು ಹೋಗುತ್ತದೆ. ನಾವಾಗಿ ಒಂದಕ್ಷರ ಬರೆಯಲು ಜಾಗವಿರಲಿಲ್ಲ. ಹೋಗಲಿ, ಬಾಟಲಿಗೆ ಒಂದು ಚೀಟಿ ಕಟ್ಟುತ್ತೇನೆ ಎಂದರೆ ಅತ್ತೆ ನಕ್ಕರು. ಗಿಣ್ಣು ಗೊತ್ತಿಲ್ಲದ ಮನೆ ಎಲ್ಲಿದೆ, ಬಣ್ಣ ನೋಡಿದರೇ ತಿಳಿಯುವುದಿಲ್ಲವಾ ಎಂದರು. ದಿನದ ಹಾಲಿನ ಬಾಟಲಿಯ ಪಕ್ಕದಲ್ಲಿ, ಅಂಥದೇ ಇನ್ನೊಂದು ಬಾಟಲಿಯಲ್ಲಿ ಗಿಣ್ಣು ತುಂಬಿ ಇಟ್ಟು ಬಂದರು. ಅವರು ಹುಟ್ಟಿದಾಗಿನಿಂದ ಕಂಡ ಲೋಕದಲ್ಲಿ ಅದು ತಪ್ಪೇ ಅಲ್ಲ.

ಅವತ್ತು ಬೆಳಗ್ಗೆ ತಿಂಡಿಯ ಹೊತ್ತಿಗೇ ನನ್ನ ಫೋನು ಟಣ್ಣೆಂದಿತು. ಮೂರನೇ ಮಹಡಿಯ ಒಂದು ಮನೆಯಿಂದ 'ಹಾಲು ಹಾಳಾಗಿದೆ' ಎಂದು ದೂರು. ಜೊತೆಗೆ ಒಂದು ಫೋಟೋ. ಪಾತ್ರೆಯ ತಳದಲ್ಲಿ ಗಟ್ಟಿಯಾಗಿ, ಗಡ್ಡೆಗಡ್ಡೆಯಾಗಿ ಕೂತ ಗಿಣ್ಣು. ಯಾರೋ ಪುಣ್ಯಾತ್ಮರು ಅದನ್ನು ಮಾಮೂಲಿ ಹಾಲೆಂದು ಒಲೆಯ ಮೇಲಿಟ್ಟಿದ್ದರು. ನಾನು ಆ ಫೋಟೋ ನೋಡಿ ಮುಗಿಸುವ ಮುಂಚೆಯೇ ಇನ್ನೊಂದು ಸಂದೇಶ ಬಂತು: ಗುಣಮಟ್ಟದ ಕಾರಣದಿಂದ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ, ನಿಮ್ಮ ಸಹಕಾರಕ್ಕೆ ಧನ್ಯವಾದಗಳು. ನಮ್ಮ ಸಹಕಾರ ಯಾರು ಕೇಳಿದ್ದರು? ಒಂದು ಮಾತು ಕೇಳಲಿಲ್ಲ, ಏನಮ್ಮ ಆಯಿತು ಅನ್ನಲಿಲ್ಲ, ನೇರವಾಗಿ ಧನ್ಯವಾದ!

ನಾನು ಹೇಳಿದ್ದನ್ನು ಅತ್ತೆ ನಂಬಲಿಲ್ಲ. ಗಿಣ್ಣಿಗೆ ಯಾರಾದರೂ ದೂರು ಕೊಡುತ್ತಾರಾ ಎಂದು ಮಾರನೇ ದಿನ ಎಂದಿನಂತೆ ಬಾಟಲಿಗಳನ್ನು ತುಂಬಿಕೊಂಡು ಹೊರಟರು. ಸ್ಕೂಟರಿನಲ್ಲಿ ನಾನೇ ಕರೆದುಕೊಂಡು ಹೋದೆ. ಗೇಟಿನ ಸ್ಕ್ರೀನು ಕೆಂಪಗೆ ಉರಿಯಿತು. ಕಾವಲುಗಾರ ದಿನಾ ಅತ್ತೆಯ ಹತ್ತಿರ ಕಷ್ಟಸುಖ ಮಾತಾಡುವ ಮನುಷ್ಯ. ಅವನೂ ತಲೆ ತಗ್ಗಿಸಿಕೊಂಡು, ಕೆಂಪು ಬಂದರೆ ಬಿಡುವ ಹಾಗಿಲ್ಲ, ನನ್ನ ಕೆಲಸ ಹೋಗುತ್ತದೆ ಎಂದ. ಅಷ್ಟು ವರ್ಷ ಊರಿನವರೆಲ್ಲ ಕೈಯೆತ್ತಿ ಮಾತಾಡಿಸುತ್ತಿದ್ದ ಹೆಂಗಸು, ಹಾಲಿನ ಬುಟ್ಟಿ ಹಿಡಿದು ಕಳ್ಳಿಯ ಹಾಗೆ ಗೇಟಿನಾಚೆ ನಿಲ್ಲಬೇಕಾಯಿತು. ಆ ಹಾಲನ್ನೆಲ್ಲ ಮನೆಗೆ ತಂದು ಹೆಪ್ಪು ಹಾಕಿದೆವು.

ಆ್ಯಪಿನ ಸಹಾಯದ ಗುಂಡಿ ಒತ್ತಿ ಒತ್ತಿ ನನ್ನ ಉಗುರು ಸವೆಯಿತು. ಒಂದು ಯಂತ್ರ ಕನ್ನಡದಲ್ಲಿ 'ನಮಸ್ಕಾರ, ನಿಮ್ಮ ಅನುಭವವನ್ನು ಸುಂದರಗೊಳಿಸಲು ಕಾತರರಾಗಿದ್ದೇವೆ' ಎನ್ನುತ್ತಿತ್ತು. ನನ್ನ ಸಮಸ್ಯೆ ಯಾವುದೆಂದು ಆರಿಸಿಕೊಳ್ಳಲು ಹೇಳುತ್ತಿತ್ತು. ಯಾವುದನ್ನು ಆರಿಸಿದರೂ ಸುತ್ತಿ ಬಳಸಿ ಮತ್ತೆ ನಮಸ್ಕಾರಕ್ಕೇ ತಂದು ನಿಲ್ಲಿಸುತ್ತಿತ್ತು. ಅದರ ನಮಸ್ಕಾರಕ್ಕಿಷ್ಟು ಬೆಂಕಿ ಹಾಕ ಎಂದು ಬಸ್ಸು ಹತ್ತಿ ಹೆಬ್ಬಾಳದ ಕಂಪನಿ ಆಫೀಸಿಗೇ ಹೋದೆ.

ಆ ಹಳದಿ ಸೋಫಾದಿಂದ ನನ್ನನ್ನು ಒಳಗೆ ಕರೆದವನು ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಯುವಕ. ಗ್ರಾಹಕರಿಗೆ ಆ್ಯಪು ಹೇಗೆ ಕಾಣಬೇಕೆಂದು ತೀರ್ಮಾನಿಸುವವರ ಪೈಕಿ ತಾನೂ ಒಬ್ಬ ಎಂದ. ಒಳ್ಳೆಯ ಹುಡುಗನೇ, ಸುಳ್ಳು ಹೇಳಬಾರದು. ಮುಂಚೆ ದೂರು ಕೊಡಲು ಗ್ರಾಹಕರು ಪುಟ ಪುಟ ತಿರುಗಿಸಬೇಕಿತ್ತಂತೆ, ಈಗ ಫೋಟೋ ತೆಗೆದು, ಕಾರಣ ಒತ್ತಿದರೆ ಮುಗಿಯಿತು ಎಂದು ತನ್ನ ಫೋನಿನಲ್ಲಿ ಹೆಮ್ಮೆಯಿಂದ ತೋರಿಸಿದ. ನಾನು ಗಿಣ್ಣಿನ ಕಥೆಯನ್ನೆಲ್ಲ ಹೇಳಿ, ನಿನಗಾದರೂ ಗಿಣ್ಣು ಗೊತ್ತೇನಪ್ಪ ಎಂದು ಕೇಳಿದೆ.

"ಗೊತ್ತು ಮೇಡಂ, ನಮ್ಮಜ್ಜಿ ಮಾಡ್ತಿದ್ರು. ಆದ್ರೆ ಸಿಸ್ಟಮ್‌ಗೆ ಗೊತ್ತಿಲ್ವಲ್ಲ."

"ಸಿಸ್ಟಮ್ ಮಾಡಿದ್ದು ಯಾರು? ನಿಮ್ಮಜ್ಜಿನಾ?"

ಅವನ ಮುಖ ಕೆಂಪಾಯಿತು. ಹಾಲು ಹಾಕುವವರು ಉತ್ತರ ಕೊಡಲು ಜಾಗ ಯಾಕಿಲ್ಲ ಎಂದು ಕೇಳಿದೆ. ಗ್ರಾಹಕರಿಗೆ ಕಿರಿಕಿರಿಯಾಗುತ್ತದೆ, ಬೆಳಗ್ಗೆ ಎದ್ದು ವಾದ ಮಾಡುವುದು ಯಾರಿಗೂ ಬೇಡ ಎಂದ. ಅವನ ಮಾತಿನಲ್ಲಿ ಗ್ರಾಹಕರು ಎದ್ದು ಕೂರುತ್ತಿದ್ದರು, ಹಲ್ಲುಜ್ಜುತ್ತಿದ್ದರು, ಕಾಫಿ ಕುಡಿಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಎದ್ದು ಸಗಣಿ ಬಾಚಿದವರು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ಅವನೊಂದು ದಾರಿ ಹೇಳಿದ. ದೂರು ಕೊಟ್ಟ ಮನೆಯವರೇ ಆ್ಯಪಿನಲ್ಲಿ ಅದು ತಪ್ಪು ದೂರು ಎಂದು ತಿಳಿಸಿದರೆ ಖಾತೆ ಮತ್ತೆ ತೆರೆಯುತ್ತದೆ. ಅವರ ಹೆಸರು, ಫೋನ್ ನಂಬರು ತಾನು ಕೊಡುವಂತಿಲ್ಲ. ತನ್ನ ನಂಬರನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಟ್ಟ.

ನಂಬರು ಯಾರಿಗೆ ಬೇಕಿತ್ತು? ಮನೆ ಯಾವುದೆಂದು ದೂರಿನಲ್ಲೇ ಇತ್ತು. ಆ ಬಾಗಿಲಿಗೆ ಅತ್ತೆ ವರ್ಷದಿಂದ ಹಾಲು ನೇತುಹಾಕಿದ್ದರು, ಒಳಗಿರುವವರ ಮುಖವನ್ನಷ್ಟೇ ನೋಡಿರಲಿಲ್ಲ. ಭಾನುವಾರ ಇಬ್ಬರೂ ಹೋದೆವು. ಕಾವಲುಗಾರ ಅಷ್ಟು ಉಪಕಾರ ಮಾಡಿದ. ಇಂಟರ್ಕಾಮಿನಲ್ಲಿ ಆ ಮನೆಗೆ ಹೇಳಿ ಅವರನ್ನೇ ಕೆಳಗೆ ಕರೆಸಿದ. ನಾನು ಜಗಳಕ್ಕೆ ಸಿದ್ಧಳಾಗಿ, ಸೆರಗು ಬಿಗಿದುಕೊಂಡೇ ನಿಂತಿದ್ದೆ. ಇಳಿದು ಬಂದವಳು ನನ್ನ ವಯಸ್ಸಿನ ಹೆಂಗಸು. ಬಾಯಿ ಬಿಟ್ಟ ಕೂಡಲೇ ಉತ್ತರ ಕರ್ನಾಟಕದವಳೆಂದು ತಿಳಿಯಿತು. ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳಂತೆ. ನಾವು ಇಂಥವರು, ಆ ಹಾಲು ಹಾಳಾದದ್ದಲ್ಲ, ಗಿಣ್ಣು ಎಂದು ಹೇಳಿದೆ.

"ಗಿಣ್ಣೇನ್ರಿ ಅದು?" ಎಂದಳು. "ಊರು ಬಿಟ್ಟು ಬಂದ ಮ್ಯಾಲೆ ಗಿಣ್ಣದ ಮಾರೀನ ನೋಡಿಲ್ರಿ ನಾ. ಸಿಂಕಿನಾಗ ಸುರುವಿಬಿಟ್ನೆಲ್ರಿ."

ಬೆಳಗಿನ ಗಡಿಬಿಡಿಯಲ್ಲಿ ಕಾಲೇಜಿಗೆ ಹೊರಡುತ್ತಾ, ಕೈಗೆ ಸಿಕ್ಕ ಬಾಟಲಿಯನ್ನು ನೋಡದೆ ಪಾತ್ರೆಗೆ ಸುರಿದು ಒಲೆ ಹಚ್ಚಿದ್ದಳು. ಒಡೆದದ್ದನ್ನು ಕಂಡು ಇದೇನು ಎಂದು ಕೇಳಬೇಕೆಂದು ಆ್ಯಪು ತೆಗೆದಿದ್ದಳು. ಅವಳಿಗೆ ದೂರು ಕೊಡುವ ಮನಸ್ಸೇ ಇರಲಿಲ್ಲ. ಆದರೆ ಕೇಳುವುದಕ್ಕೆ ಅದರಲ್ಲಿ ಬಟನ್ ಇರಲಿಲ್ಲ. ಹಾಲು ಬಂದಿಲ್ಲ, ತಡವಾಗಿ ಬಂತು, ಕಡಿಮೆ ಬಂತು, ಹಾಳಾಗಿದೆ. ಇದ್ದದ್ದು ಅಷ್ಟೇ. ಹತ್ತಿರವಾದದ್ದನ್ನು ಒತ್ತಿದ್ದಳು. ಯಾರಾದರೂ ಫೋನು ಮಾಡಿ ವಿಚಾರಿಸುತ್ತಾರೆ ಎಂದುಕೊಂಡಿದ್ದಳು. ಅದರ ಬದಲು ಅವಳ ದುಡ್ಡು ವಾಪಸ್ಸು ಬಂದಿತ್ತು, ಒಂದು ನಗುವ ಮುಖದ ಚಿತ್ರದ ಜೊತೆಗೆ. ನನ್ನ ಸಿಟ್ಟೆಲ್ಲ ಅವಳ ಮೇಲಿಂದ ಇಳಿದು, ಇಳಿದ ಜಾಗದಲ್ಲೇ ಇನ್ನೊಂದು ಸಿಟ್ಟು ಹುಟ್ಟಿತು. ಕನ್ನಡದವಳೇ ಒಬ್ಬಳು ಇನ್ನೊಬ್ಬಳನ್ನು ಇದೇನು ಎಂದು ಕೇಳದಂತೆ ಮಾಡಿ, ಅದಕ್ಕೆ ಸಲೀಸು ಎಂದು ಹೆಸರಿಟ್ಟಿದ್ದಾರಲ್ಲ!

ಈಗಲೇ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಅವಳು ಅಲ್ಲೇ ಗೇಟಿನ ಬಳಿ ಫೋನು ತೆಗೆದಳು. ಹುಡುಕಿದಳು, ಹುಡುಕಿದಳು. ಹಿಂದಕ್ಕೆ ತೆಗೆದುಕೊಳ್ಳುವ ಜಾಗ ಇರಲಿಲ್ಲ. ಹಳೆಯ ದೂರನ್ನು ತೆರೆದರೆ, 'ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಿಮಗೆ ತೃಪ್ತಿಯಾಯಿತೇ?' ಎಂದು ಕೇಳಿತು. ಹೌದು, ಇಲ್ಲ, ಎರಡೇ ಗುಂಡಿ. ಹೌದು ಅಂದರೆ ನಮ್ಮ ಖಾತೆ ಮುಚ್ಚಿದ್ದೇ ಸರಿ ಅಂದ ಹಾಗಾಯಿತು. ಎಲ್ಲಿಯ ತೃಪ್ತಿ ಎಂದು ಬೈದುಕೊಂಡು ಅವಳು 'ಇಲ್ಲ' ಒತ್ತಿದಳು. ಆ್ಯಪು ತಕ್ಷಣ ಕ್ಷಮೆ ಕೇಳಿತು. ನಾಳೆಯ ಹಾಲು ಪುಕ್ಕಟೆ ಎಂದಿತು. ಅದೇ ಗಳಿಗೆಗೆ ನನ್ನ ಕೈಯಲ್ಲಿದ್ದ ಫೋನು ಟಣ್ಣೆಂದಿತು. ಗ್ರಾಹಕರು ಮತ್ತೊಮ್ಮೆ ಅತೃಪ್ತಿ ಸೂಚಿಸಿರುವುದರಿಂದ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.

ಹೆಬ್ಬಾಳದ ಹುಡುಗನಿಗೆ ಫೋನು ಮಾಡಿದೆ. ಮೊದಲು ದೂರು ರದ್ದು ಮಾಡುವ ಬಟನ್ ಇತ್ತಂತೆ. ಗೊತ್ತಿಲ್ಲದೆ ಒತ್ತಿ ಜನ ಗಲಿಬಿಲಿಗೊಳ್ಳುತ್ತಾರೆಂದು ಹೋದ ತಿಂಗಳೇ ತೆಗೆದುಹಾಕಿದ್ದರಂತೆ, ತನ್ನ ಗಮನಕ್ಕೇ ಬಂದಿರಲಿಲ್ಲವಂತೆ. ಶಾಶ್ವತವಾಗಿ ಮುಚ್ಚಿದ್ದನ್ನು ತೆರೆಯುವುದು ಯಾರ ಕೈಯಲ್ಲೂ ಇಲ್ಲ, ಸಾರಿ ಎಂದ. ನಾನು ಅವನಿಗೆ ಏನೆಂದೆನೋ ಇಲ್ಲಿ ಬರೆಯುವ ಹಾಗಿಲ್ಲ. ಕಾವಲುಗಾರ ಕೂಡ ಅತ್ತ ತಿರುಗಿಕೊಂಡ.

ಆ ಹೆಂಗಸು ಕಾವಲುಗಾರನ ಸ್ಟೂಲಿನ ಮೇಲೆ ಕೂತು ಅಳತೊಡಗಿದಳು. ನಾನೇ ನಿಮ್ಮ ಹೊಟ್ಟೆಗೆ ಕಲ್ಲು ಹಾಕಿದೆ ಎಂದು ಅತ್ತೆಯ ಕೈ ಹಿಡಿದುಕೊಂಡಳು. ಅತ್ತೆ ಅವಳ ತಲೆ ಸವರಿದರು.

"ಓಗ್ಲಿ ಬುಡವ್ವ," ಎಂದರು. "ಒತ್ತಾಕೆ ಅವರು ಮಡಗಿರಾದೇ ಅಷ್ಟು. ನೀನಾದ್ರೂ ಏನ್ ಮಾಡ್ತೀಯ?"

ಅತ್ತೆಗೆ ಅಷ್ಟು ಸಮಾಧಾನ ಎಲ್ಲಿಂದ ಬಂತೋ ಕಾಣೆ. ನನಗೆ ಇವತ್ತಿಗೂ ಬಂದಿಲ್ಲ. ಮೂರು ಹೆಂಗಸರು ಎದುರುಬದುರು ನಿಂತು ಎಲ್ಲ ಒಪ್ಪಿಕೊಂಡಿದ್ದೆವು. ತಕರಾರು ಯಾರಿಗೂ ಇರಲಿಲ್ಲ. ಆದರೂ ಮಾರನೇ ದಿನದಿಂದ ಆ ಬಾಗಿಲುಗಳಿಗೆ ಯಾರೋ ಬೇರೆಯವರು ಬಂದು, ಬೆಲ್ ಒತ್ತದೆ, ಬಾಟಲಿ ನೇತುಹಾಕಿ ಹೋಗತೊಡಗಿದರು.

ಹೆಸರಘಟ್ಟದ ಕಡೆಯಿಂದ ಹಸು ಕೊಳ್ಳಲು ಬಂದವನಿಗೆ ಬೇಕಾದದ್ದು ಆಗತಾನೇ ಕರು ಹಾಕಿದ ಹಸು. ಉಳಿದವನ್ನು ಅವನು ತಿರುಗಿಯೂ ನೋಡಲಿಲ್ಲ. ಕೆಂದ ಹಸು ಕರುವಿನ ಜೊತೆ ಟೆಂಪೋ ಹತ್ತಿ ಹೋಯಿತು. ಅತ್ತೆ ಆವತ್ತು ಅಳಲಿಲ್ಲ, ಊಟವನ್ನೂ ಮಾಡಿದರು. ಮಾರನೇ ಬೆಳಗ್ಗೆ ನಾನು ಹಿತ್ತಲಿಗೆ ಹೋದಾಗ ಅವರು ಬೂಸ ಕಲಸಿ, ಮೂರು ಹಸುಗಳ ಮುಂದೂ ಇಟ್ಟು, ಇನ್ನೊಂದು ಬಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಬರೀ ಗೂಟದ ಮುಂದೆ ನಿಂತಿದ್ದರು.